ಹನ್ನೊಂದರೊಳಗೆ ಮುಟ್ಟಬೇಕು

ಫೋನ್ ಮಾಡಿದವರ ಹೆಸರನ್ನು ಅವರು ಕೊನೆಗೆ ಕೇಳುತ್ತಿದ್ದರು. ಮೊದಲ ಪ್ರಶ್ನೆ ಯಾವಾಗಲೂ ಒಂದೇ. “ಏನ್ ತಿನ್ನೂದಿಲ್ಲ, ಅದನ್ನ ಮೊದಲ ಹೇಳ್ರಿ. ತಿನ್ನೂದು ಆಮ್ಯಾಲೆ ನೋಡೂಣು.” ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ, ಮೊಟ್ಟೆ ಹಾಕಿದ ಬಿಸ್ಕತ್ತೂ ಬೇಡ ಎಂದು ಈ ಕಡೆಯವರು ಹೇಳುತ್ತ ಹೋದಂತೆ ಆ ಕಡೆಯಿಂದ “ಹೂಂ ರಿ, ಹೂಂ ರಿ” ಕೇಳಿಸುತ್ತಿತ್ತು. ದರ್ಜಿ ಅಳತೆ ತೆಗೆದುಕೊಂಡ ಹಾಗೆ ಅಷ್ಟನ್ನೂ ಕೇಳಿಕೊಂಡು ಆ ಮನೆಯವರಿಗೆಂದೇ ಒಂದು ಭಾನುವಾರವನ್ನು ಸಿದ್ಧ ಮಾಡುತ್ತಿದ್ದರು.

ಶಿಕಾಗೋದ ಥಾಯ್ ಅಂಗಡಿಗಳನ್ನೂ ಥಾಯ್ ಗುಡಿಯನ್ನೂ ಒಂದೇ ದಿನದಲ್ಲಿ ತೋರಿಸಿಕೊಂಡು ಬರುವುದು ಅವರ ಕೆಲಸ. ಒಂದು ಸಲಕ್ಕೆ ಒಂದೇ ಮನೆಯವರು. ಅವರದೇ ಹಳೆಯ ವ್ಯಾನು, ಅವರದೇ ಡ್ರೈವಿಂಗ್. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಗ್ಲೆಂಡೇಲ್ ಹೈಟ್ಸ್‌ನ ಅಪಾರ್ಟ್‌ಮೆಂಟಿನಲ್ಲಿದ್ದಾಗ ಅವರು ಎರಡು ಬೀದಿಯಾಚೆ ಒಬ್ಬರೇ ಇದ್ದರು. ಧಾರವಾಡದ ಕಡೆಯವರು. ನಾವು ಹುಟ್ಟಿದ ಕಾಲಕ್ಕೇ ಅಮೆರಿಕಕ್ಕೆ ಬಂದು, ಯಾವುದೋ ಕಾರ್ಖಾನೆಯಲ್ಲಿ ಮಶೀನಿನ ಮುಂದೆ ನಿಂತು ಬದುಕು ಸವೆಸಿ, ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲಿ ಕೂತವರು. ಬೆನ್ನ ಹಿಂದೆ ನಾವೆಲ್ಲ ಅವರನ್ನು ಥಾಯ್ ಅಂಕಲ್ ಅನ್ನುತ್ತಿದ್ದೆವು. ಹೆಸರು ಇಲ್ಲಿ ಬರೆಯುವುದಿಲ್ಲ. ಮಿಶಿಗನ್‌ನ ಒಂದು ಸ್ಮಶಾನದಲ್ಲಿ ಕಲ್ಲಿನ ಮೇಲೆ ಆ ಹೆಸರು ತಪ್ಪಿಲ್ಲದೆ ಕೆತ್ತಿದೆ. ತಪ್ಪಿರುವುದು ಜಾಗ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಕನ್ನಡದವರಿಗೆ ಥಾಯ್ ಅಂಗಡಿಯಲ್ಲಿ ಏನು ಕೆಲಸ ಎಂದು ಕೇಳಬಹುದು. ಆಗ ಇಂಡಿಯನ್ ಅಂಗಡಿಗಳಲ್ಲಿ ಬೇಳೆ, ಹಿಟ್ಟು, ಉಪ್ಪಿನಕಾಯಿ ಸಿಕ್ಕರೆ ಹೆಚ್ಚು. ಹಬ್ಬಕ್ಕೆ ಬಾಳೆಎಲೆ, ಪಲ್ಯಕ್ಕೆ ಬಾಳೆಹೂವು, ಹಲಸಿನಕಾಯಿ, ಮಜ್ಜಿಗೆ ಹುಲ್ಲು ಬೇಕೆಂದರೆ ಥಾಯ್ ಅಂಗಡಿಯೇ ಗತಿ. ಇನ್ನೊಂದು ಕಾರಣವೂ ಇತ್ತು. ಊರಿಂದ ಬಂದ ಅಪ್ಪ ಅಮ್ಮಂದಿರಿಗೆ ಲೆಮಾಂಟ್ ದೇವಸ್ಥಾನ ತೋರಿಸಿ, ನಯಾಗರಾ ತೋರಿಸಿ, ಎತ್ತರದ ಕಟ್ಟಡ ಹತ್ತಿಸಿ ಇಳಿಸಿದ ಮೇಲೆ ಉಳಿದ ತಿಂಗಳುಗಳಲ್ಲಿ ಏನು ತೋರಿಸುವುದು ಎಂಬ ಚಿಂತೆ ಎಲ್ಲರ ಮನೆಯಲ್ಲೂ ಇದ್ದದ್ದೇ. ಅಂಥ ಚಿಂತೆಯಲ್ಲೇ ನಾನೂ ಫೋನ್ ಮಾಡಿದ್ದು.

ನಮ್ಮ ಅತ್ತೆ ಮೈಸೂರಿನವರು, ಮಡಿಯವರು. ವಿಮಾನದಲ್ಲಿ ಕೊಟ್ಟ ನೀರನ್ನೂ ಅನುಮಾನಿಸಿಕೊಂಡೇ ಕುಡಿದು ಬಂದವರು. ಅವರ ವಿಷಯ ಫೋನಿನಲ್ಲಿ ಹೇಳಿದಾಗ ಅಂಕಲ್, ಅಮ್ಮಾರಿಗೆ ಮೊಸರು ನಡೆಯುತ್ತದೋ ಎಂದು ಕೇಳಿದರು. ನಡೆಯುತ್ತದೆ ಅಂದೆ. ಹಾಗಾದರೆ ಎಲ್ಲಾ ಸರಿ ಅಂದರು.

ಆ ಜುಲೈ ಭಾನುವಾರ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬೆಳಿಗ್ಗೆಯೇ ಬಂದರು. ಬಲಗೈಯ ತೋರುಬೆರಳಿನ ತುದಿ ಇರಲಿಲ್ಲ. ಮಶೀನಿಗೆ ಸಿಕ್ಕಿದ್ದು. ಆ ಮೊಂಡು ಬೆರಳಿನಿಂದಲೇ ದಾರಿ ತೋರಿಸುವರು, ಹಣ್ಣು ಒತ್ತಿ ನೋಡುವರು, ಶೀಶೆಯ ಮೇಲಿನ ಸಣ್ಣ ಅಕ್ಷರ ಓದುವರು. ಕೈಗಡಿಯಾರವನ್ನು ಬೇಕೆಂದೇ ಕೆಲವು ನಿಮಿಷ ಮುಂದೆ ಇಟ್ಟುಕೊಂಡಿದ್ದರು. ಏಕೆಂದರೆ ಥಾಯ್ ಭಿಕ್ಷುಗಳು ಮಧ್ಯಾಹ್ನ ಹನ್ನೆರಡಾದ ಮೇಲೆ ಅನ್ನ ಮುಟ್ಟುವುದಿಲ್ಲ. ಅವರಿಗೆ ಬಡಿಸುವವರು ಹನ್ನೊಂದರೊಳಗೆ ಗುಡಿಯಲ್ಲಿರಬೇಕು. ಮಾರ್ಕೆಟ್ಟಿನಲ್ಲಿ ಎಷ್ಟು ನಗುನಗುತ್ತ ಮಾತಾಡಿದರೂ ವ್ಯಾನು ಗುಡಿಯ ದಾರಿ ಹಿಡಿದ ಮೇಲೆ ಅವರು ಬಾಯಿ ಬಿಡುತ್ತಿರಲಿಲ್ಲ. ಯಾರಾದರೂ ಕಾಫಿಗೆ ನಿಲ್ಲಿಸೋಣ ಅಂದರೆ, “ಹನ್ನೊಂದರೊಳಗ ಮುಟ್ಟಬೇಕ್ರಿ” ಅಷ್ಟೇ. ಇದೇನು ಭಕ್ತಿಯೋ ಹಟವೋ ಎಂದು ನನಗೆ ಅವತ್ತು ಸ್ವಲ್ಪ ಸಿಟ್ಟೂ ಬಂದಿತ್ತು.

ಮಾರ್ಕೆಟ್ಟಿನಲ್ಲಿ ಒಣಮೀನಿನ ವಾಸನೆಗೆ ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು, ಇನ್ನೊಂದು ಕೈಯನ್ನು ಯಾವುದಕ್ಕೂ ತಾಗದ ಹಾಗೆ ಮೇಲೆತ್ತಿಕೊಂಡೇ ನಡೆದರು. ಅವರು ಅತ್ತೆಯ ಮುಂದೆ ಮುಂದೆ ಹೋಗಿ, ಮೀನಿನ ಸಾಲು ಬಂದಾಗಲೆಲ್ಲ ತಾವೇ ಅಡ್ಡ ನಿಂತು, ತರಕಾರಿಯ ಸಾಲಿಗೆ ತಿರುಗಿಸುತ್ತಿದ್ದರು. ಗುಂಡಗಿನ ಹಸಿರು ಬದನೆಕಾಯಿ ಕಂಡಾಗ ಮಾತ್ರ ಅತ್ತೆಯ ಕೈ ಕೆಳಗಿಳಿಯಿತು. ಒಂದೊಂದನ್ನೇ ಆರಿಸಿ ಚೀಲ ತುಂಬಿಸಿದರು.

ಗುಡಿಯಲ್ಲಿ ಹೆಂಗಸರು ಭಿಕ್ಷುವಿನ ಕೈಗೆ ನೇರವಾಗಿ ಏನೂ ಕೊಡಬಾರದು, ಅವರು ಹಾಸಿದ ಬಟ್ಟೆಯ ಮೇಲಿಡಬೇಕು ಎಂದು ವ್ಯಾನಿನಲ್ಲೇ ಹೇಳಿಕೊಟ್ಟಿದ್ದರು. ಹಾಗೇ ಇಟ್ಟೆವು. ಭಿಕ್ಷುಗಳು ಮಂತ್ರ ಹೇಳುವಾಗ ಅಂಕಲ್ ಒಂದು ಪುಟ್ಟ ಹಿತ್ತಾಳೆ ಗಿಂಡಿಯಿಂದ ಬಟ್ಟಲಿಗೆ ಎಳೆಯಾಗಿ ನೀರು ಬಿಟ್ಟರು. ಆಮೇಲೆ ಹೊರಗೆ ಹೋಗಿ ಆ ನೀರನ್ನು ಮರದ ಬುಡಕ್ಕೆ ಸುರಿದು ಬಂದರು. ಸತ್ತವರಿಗೆ ಪುಣ್ಯ ಮುಟ್ಟಿಸುವುದು ಹಾಗಂತೆ. ಯಾರ ಹೆಸರಿನಲ್ಲಿ ಎಂದು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಪೇಚಾದದ್ದು ಊಟದ ಹೊತ್ತಿಗೆ. ಅಲ್ಲಿ ಭಿಕ್ಷುಗಳು ಉಂಡು ಉಳಿದದ್ದನ್ನೇ ಬಂದವರೆಲ್ಲ ಕೂತು ಉಣ್ಣುತ್ತಾರೆ. ಅದೇ ಪ್ರಸಾದ, ಅದೇ ಮರ್ಯಾದೆ. ಅತ್ತೆಗೆ ಅದು ತಿಳಿದ ಕೂಡಲೇ ಮುಖ ಬಿಗಿಯಿತು. “ಯಾರೋ ಉಂಡು ಬಿಟ್ಟ ಎಂಜಲು ನಾನು ಮುಟ್ಟಲ್ಲಮ್ಮ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಎದ್ದೇಬಿಟ್ಟರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಂಕಲ್ ಮಾತ್ರ ವ್ಯಾನಿಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದರು. ಒಳಗೆ ಮೊಸರವಲಕ್ಕಿ, ಮೇಲೆ ಒಗ್ಗರಣೆ. ಸ್ನಾನ ಮಾಡಿಯೇ ಕಲಸಿದ್ದು ಅಂದರು. ಅತ್ತೆ ಪಾರ್ಕಿಂಗ್ ಲಾಟಿನಲ್ಲಿ, ವ್ಯಾನಿನ ಬಾಗಿಲು ತೆರೆದುಕೊಂಡು, ಒಂದು ಕಾಳೂ ಬಿಡದೆ ತಿಂದರು. ತಿಂದಾದ ಮೇಲೆ ಡಬ್ಬಿಯನ್ನು ತಾವೇ ತೊಳೆದುಕೊಟ್ಟರು.

ಯಾರನ್ನೂ ಬದಲಾಯಿಸುವ ಉಮೇದು ಅವರಿಗೆ ಇರಲಿಲ್ಲ. ಬಿಜಾಪುರದ ಕಡೆಯ ಒಂದು ಮುಸ್ಲಿಂ ಮನೆಯವರು, ನಮ್ಮ ಮನೆ ಹತ್ತಿರದ ಅಂಗಡಿಸಾಲಿನಲ್ಲೇ ಅಂಗಡಿ ಇಟ್ಟವರು, ಒಮ್ಮೆ ಹೋಗಿದ್ದರು. ಮನೆಯ ಹಿರಿಯರು ವಿಗ್ರಹದ ಮುಂದೆ ಹೋಗಲು ಹಿಂಜರಿದಾಗ, ಇವರು ಮರದ ಕೆಳಗೆ ಕುರ್ಚಿ ಹಾಕಿಕೊಟ್ಟು, ಕೈ ಮುಗಿಯಬೇಕೆಂದೇನೂ ಇಲ್ಲ, ಊಟ ಕೊಡುವುದು ನಿಮ್ಮಲ್ಲೂ ಇದೆಯಲ್ಲ ಅಂದರಂತೆ. ಅವರು ತಂದ ಹಣ್ಣಿನ ಬುಟ್ಟಿಯನ್ನು ತಾವೇ ಒಳಗೆ ಒಯ್ದು ಕೊಟ್ಟರಂತೆ. ಆ ಹಿರಿಯರು ಆಮೇಲೆ ರಂಜಾನಿನಲ್ಲಿ ಇವರ ಮನೆಗೆ ಖರ್ಜೂರ ಕಳಿಸುವುದನ್ನು ನಾನೇ ಕಂಡಿದ್ದೇನೆ.

ಅತ್ತೆ ಊರಿಗೆ ಹೋದ ಮೇಲೂ ನಾನು ಆಗಾಗ ಆ ವ್ಯಾನು ಹತ್ತುತ್ತಿದ್ದೆ. ಟೂರಿಗೆ ಯಾರೂ ಸಿಗದ ವಾರ ಅವರೇ ಫೋನ್ ಮಾಡಿ, “ತಂಗಿ, ಬಾಳಿಎಲಿ ಬೇಕಾಗಿದ್ದವೇನು?” ಎಂದು ಕೇಳುವರು. ಬೇಡವೆಂದರೂ ಇನ್ನೊಂದಷ್ಟು ಹೊತ್ತು ಫೋನ್ ಇಡುತ್ತಿರಲಿಲ್ಲ. ಯಾರಾದರೂ ಜೊತೆಗೆ ಬರಲೇಬೇಕು ಎಂಬುದು ಅದರಲ್ಲೇ ತಿಳಿಯುತ್ತಿತ್ತು.

ಅಂಥ ಒಂದು ಭಾನುವಾರ, ಡಿಸೆಂಬರಿನಲ್ಲಿ, ಹಿಮ ಬಿದ್ದು ಎಕ್ಸ್‌ಪ್ರೆಸ್‌ವೇ ನಿಂತುಹೋಯಿತು. ಮುಂದೆಲ್ಲೋ ಟ್ರಕ್ಕು ಅಡ್ಡ ಬಿದ್ದಿತ್ತು. ಅವರು ಗಡಿಯಾರ ನೋಡಿದರು, ಸ್ಟೀರಿಂಗ್ ಒತ್ತಿ ಹಿಡಿದರು, ಮತ್ತೆ ನೋಡಿದರು. ನಾವು ಗುಡಿಗೆ ಮುಟ್ಟಿದಾಗ ಹನ್ನೆರಡು ದಾಟಿತ್ತು. ಭಿಕ್ಷುಗಳ ತಟ್ಟೆ ತೊಳೆದಾಗಿತ್ತು. ಅವರು ವ್ಯಾನಿನಿಂದ ಇಳಿಯಲೇ ಇಲ್ಲ. ಹಿಂದಿನ ಸೀಟಿನಲ್ಲಿ ಅನ್ನದ ಪಾತ್ರೆ ಇನ್ನೂ ಬೆಚ್ಚಗಿತ್ತು. ಪರವಾಗಿಲ್ಲ ಅಂಕಲ್, ಮುಂದಿನ ವಾರ ಬಂದರಾಯಿತು ಅಂದೆ.

“ಇವತ್ತ ಆಕಿಗೆ ಊಟ ಇಲ್ಲ” ಅಂದರು. ಅಂದವರೇ ಮುಖ ಮುಚ್ಚಿಕೊಂಡರು.

ಸ್ವಲ್ಪ ಹೊತ್ತಾದ ಮೇಲೆ ಅವರೇ ಇಳಿದು, ಗುಡಿಯ ಹಿಂದಿನ ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಗೋಡೆಯ ಉದ್ದಕ್ಕೂ ಚಿಕ್ಕ ಚಿಕ್ಕ ಗೂಡುಗಳಿದ್ದವು. ಒಂದೊಂದರಲ್ಲೂ ಯಾರದೋ ಬೂದಿ, ಮುಚ್ಚಿದ ಕಲ್ಲಿನ ಮೇಲೆ ಅವರ ಫೋಟೊ. ಒಂದರ ಮೇಲಿನ ಹಿಮವನ್ನು ಅವರು ಅಂಗಿಯ ತೋಳಿನಿಂದ ಒರೆಸಿದರು. ನರ್ಸ್ ಟೋಪಿಯ ದುಂಡು ಮುಖದ ಹುಡುಗಿ ನಗುತ್ತಿದ್ದಳು. “ನಮ್ಮಾಕಿ” ಅಂದರು. ಪಕ್ಕದ ಗೂಡು ಖಾಲಿ ಇತ್ತು. ಅದರ ಮೇಲೂ ಅದೇ ತೋಳು ಆಡಿಸಿ, “ಇದು ನನ್ನದು” ಅಂದರು.

ಅವತ್ತು ವಾಪಸು ಬರುವ ದಾರಿಯಲ್ಲಿ ಅಷ್ಟಿಷ್ಟು ಹೇಳಿದರು. ಬೆರಳು ಹೋದ ದಿನ ಆಸ್ಪತ್ರೆಯಲ್ಲಿ ಕಟ್ಟು ಕಟ್ಟಿದವಳು ಆಕೆ. ಥಾಯ್ಲೆಂಡಿನಿಂದ ನರ್ಸ್ ಕೆಲಸಕ್ಕೆ ಬಂದವಳು. ಇಬ್ಬರಿಗೂ ಇಂಗ್ಲಿಷು ಅರ್ಧಂಬರ್ಧ, ಅದರಲ್ಲೇ ಸಂಸಾರ ಹೂಡಿದರು. ಮದುವೆಯ ಸುದ್ದಿ ತಿಳಿಸಿದ ದಿನದಿಂದ ಊರಿನ ಅಣ್ಣ ಆಕೆಯ ಹೆಸರೆತ್ತಲಿಲ್ಲ. ಮಕ್ಕಳಾಗಲಿಲ್ಲ. ಆಕೆ ಜೋಳದ ರೊಟ್ಟಿ ತಟ್ಟುವುದು ಕಲಿತಳು, ಬಾಗಿಲಲ್ಲಿ ನಿಂತು “ಊಟ ಆತೇನ್ರಿ” ಎಂದು ಕೇಳುವುದು ಕಲಿತಳು. ಪ್ರತಿ ಭಾನುವಾರ ಮಾರ್ಕೆಟ್ಟಿಗೆ ಹೋಗಿ, ಸತ್ತ ತಾಯಿಯ ಹೆಸರಿನಲ್ಲಿ ಗುಡಿಗೆ ಊಟ ಒಯ್ಯುತ್ತಿದ್ದಳು. ಇವರು ಮನೆಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಹೊಟ್ಟೆಯಲ್ಲಿ ಗೆಡ್ಡೆಯಾಗಿ ಇನ್ನು ಉಳಿಯುವುದಿಲ್ಲ ಎಂದಾದಾಗ ಆಕೆ ಇವರನ್ನು ಎಳೆದುಕೊಂಡು ಅದೇ ಸುತ್ತು ಹೊಡೆದಳಂತೆ. ಯಾವ ಅಂಗಡಿ, ಯಾವ ಸೊಪ್ಪು, ಎಷ್ಟು ಹೊತ್ತಿಗೆ ಗುಡಿ.

“ಜನ ಇದಕ್ಕ ಟೂರ್ ಅಂತಾರ. ನಾ ಏನೂ ಟೂರ್ ಮಾಡಿಲ್ಲ ತಂಗಿ. ಇದು ಆಕಿ ವಾರದ ಸಂತಿ. ಒಬ್ಬನ ಹೋಗಾಕ ಕಾಲು ಬರೂದಿಲ್ಲ, ಅದಕ್ಕ ನಿಮ್ಮನ್ನೆಲ್ಲಾ ಕರಕೊಂಡು ಹೋಗ್ತೀನಿ.”

ನಾವೆಲ್ಲ ಬಾಳೆಎಲೆಗೆಂದು ಹೋಗಿ, ಗೊತ್ತಿಲ್ಲದೆ ಆ ಹೆಂಗಸಿಗೆ ಊಟ ಬಡಿಸಿ ಬರುತ್ತಿದ್ದೆವು. ಅದನ್ನು ಯೋಚಿಸಿದಾಗ ನನಗೆ ಈಗಲೂ ಸಂಕಟವಾಗುತ್ತದೆ, ಸಮಾಧಾನವೂ ಆಗುತ್ತದೆ.

ಎರಡು ಸಾವಿರದ ಈಚೆಗೆ ನನ್ನ ಗಂಡನ ಕೆಲಸ ಕಾರ್ ಕಂಪನಿಗೆ ಬದಲಾಗಿ ನಾವು ಮಿಶಿಗನ್‌ನ ನೋವೈಗೆ ಬಂದೆವು. ಕೆಲವು ವರ್ಷದಲ್ಲೇ ಶಿಕಾಗೋದಲ್ಲಿ ಅಂಕಲ್ ಅವರ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯಲು ಯಾರೂ ಇಲ್ಲದೆ, ಡೆಟ್ರಾಯಿಟ್ ಕಡೆ ಇಂಜಿನಿಯರ್ ಆಗಿದ್ದ ಅಣ್ಣನ ಮಗ ಅವರನ್ನು ತನ್ನ ಮನೆಗೆ ಕರೆತಂದ. ಒಳ್ಳೆಯ ಹುಡುಗ. ಚಿಕ್ಕಪ್ಪನಿಗೆಂದು ಬೇಸ್‌ಮೆಂಟಿನಲ್ಲಿ ಬಚ್ಚಲು ಕಟ್ಟಿಸಿದ. ಆದರೆ ಅವರು ಅಲ್ಲಿ ದಿನದಿನಕ್ಕೆ ಸೊರಗಿದರು. ಭಾನುವಾರ ಬೆಳಿಗ್ಗೆ ನಾನು ನೋಡಲು ಹೋದರೆ ಗಡಿಯಾರ ನೋಡುತ್ತ ಕೂತಿರುತ್ತಿದ್ದರು. ಹನ್ನೆರಡಾದ ಮೇಲೆಯೇ ಮಾತಿಗೆ ಬರುತ್ತಿದ್ದರು.

ಅವರು ಹುಟ್ಟಿದ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ, ವಿಭೂತಿ ಹಚ್ಚಿ, ಕೂರಿಸಿ, ಮಣ್ಣು ಮಾಡುತ್ತಾರೆ. ಸುಡದಿದ್ದರೆ ಬೂದಿಯಿಲ್ಲ, ಬೂದಿಯಿಲ್ಲದಿದ್ದರೆ ಆ ಗೂಡಿಲ್ಲ. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನನ್ನೆದುರಿಗೇ ಒಮ್ಮೆ ಹುಡುಗನನ್ನು ಕರೆದು, “ನನ್ನ ಸುಡ್ರಿ. ಆಕಿ ಬಾಜೂಕ ಇಡ್ರಿ. ಮತ್ತೇನೂ ಬ್ಯಾಡ” ಅಂದರು. ಹುಡುಗ ತಲೆ ತಗ್ಗಿಸಿ ಹೂಂ ಅಂದ. ಅವನು ಮೇಲೆ ಹೋದ ಮೇಲೆ ನಾನು, ಈ ದೇಶದಲ್ಲಿ ಬಾಯಿಮಾತು ನಡೆಯುವುದಿಲ್ಲ ಅಂಕಲ್, ಲಾಯರ್ ಹತ್ತಿರ ಬರೆಸಿಬಿಡಿ ಅಂದೆ. ಅವರಿಗೆ ಬೇಸರವಾಯಿತು. “ಅಂವ ನಮ್ಮಣ್ಣನ ಮಗಾ. ಅವನ ಕೈಲೆ ಸಹಿ ಮಾಡಿಸ್ಕೋಬೇಕೇನು ನಾನು?”

ಮುಂದೆ ಆದದ್ದೆಲ್ಲ ಆ ಒಂದು ಮಾತಿನಿಂದಲೇ.

ಜನವರಿಯಲ್ಲಿ ಹೋದರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಊರಿಂದ ಫೋನ್ ಬಂದಾಗಿತ್ತು. ಮೂವತ್ತು ವರ್ಷ ತಮ್ಮನ ಹೆಂಡತಿಯ ಹೆಸರೆತ್ತದ ಅಣ್ಣ, ತಮ್ಮನ ಹೆಣ ಸುಟ್ಟರೆ ತಾನು ವಿಷ ಕುಡಿಯುತ್ತೇನೆ ಅಂದಿದ್ದರಂತೆ. ಹುಡುಗ ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದ. ನಿಮ್ಮ ಚಿಕ್ಕಪ್ಪ ಹೇಳಿದ್ದು ಮರೆತಿರಾ ಎಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

“ಮರೆತಿಲ್ಲ ಅಕ್ಕಾರ. ಕಾಕಾ ಹೇಳಿದ್ರು, ನಾ ಹೂಂ ಅಂದಿದ್ದೆ. ಆದ್ರ ಅಪ್ಪಾ ಇನ್ನೂ ಬದುಕ್ಯಾರ.”

ನಾನು ಎರಡು ದಿನ ಹೋರಾಡಿದೆ. ಹುಡುಗನ ಕೈಕಾಲು ಹಿಡಿದೆ, ಊರಿಗೇ ಫೋನ್ ಮಾಡಿದೆ. ನೀವು ಯಾರು ಎಂದು ಆ ಕಡೆಯಿಂದ ಒಂದೇ ಪ್ರಶ್ನೆ ಬಂತು. ಕಾಯಿದೆಯ ಕಣ್ಣಿಗೆ ಹತ್ತಿರದವನು ಹುಡುಗ, ಹುಡುಗನ ಕಣ್ಣಿಗೆ ಅಪ್ಪ. ನಾನು ಬಾಳೆಎಲೆಗೆ ಹೋಗುತ್ತಿದ್ದವಳು.

ಕೊನೆಗೆ ಪದ್ಧತಿಯಾದರೂ ನಡೆಯಿತೇ? ಅದೂ ಇಲ್ಲ. ಕೂರಿಸಿ ಹೂಳಲು ಸ್ಮಶಾನದವರು ಒಪ್ಪಲಿಲ್ಲ. ಉದ್ದನೆಯ ಪೆಟ್ಟಿಗೆಯಲ್ಲಿ ಮಲಗಿಸಿ, ಅದನ್ನು ಕಾಂಕ್ರೀಟಿನ ಇನ್ನೊಂದು ಪೆಟ್ಟಿಗೆಯೊಳಗೆ ಇಳಿಸಿದರು. ನೆಲ ಚಳಿಗೆ ಕಲ್ಲಾಗಿದ್ದರಿಂದ ಗುಂಡಿ ತೋಡಲು ಮಶೀನು ಬಂದಿತ್ತು. ಹಿಡಿ ಮಣ್ಣು ಹಾಕಬೇಕೆಂದರೆ ಹೆಂಟೆ ಒಡೆಯಲಿಲ್ಲ. ಅಲ್ಲಿಂದ ಆಕೆಯ ಗೂಡಿಗೆ ಇನ್ನೂರ ಎಪ್ಪತ್ತು ಮೈಲು.

ಆಕೆ ತೀರಿಕೊಂಡದ್ದು ಒಂದು ಫೆಬ್ರವರಿಯಲ್ಲಿ. ಪ್ರತಿ ವರ್ಷ ಆ ದಿನದ ಊಟ ಇವರದೆಂದು ಗುಡಿಯಲ್ಲಿ ಗೊತ್ತಿತ್ತು. ಆ ವರ್ಷ ಕರೆದುಕೊಂಡು ಹೋಗಬೇಕೆಂದು ಇವರು ನನ್ನನ್ನು ಕೇಳಿಕೊಂಡಿದ್ದರು. ಮಾತು ಕೊಟ್ಟಿದ್ದೆ, ಹಾಗಾಗಿ ಹೊರಟೆ. ಊರಿನಲ್ಲಿ ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಯಲ್ಲೇ ಇದ್ದರು. ನಾನೂ ಬರುತ್ತೇನೆ ಅಂದರು. ಕಾಲು ನೋಯುತ್ತದೆ, ಐದು ಗಂಟೆಯ ದಾರಿ ಅಂದರೂ ಕೇಳಲಿಲ್ಲ. ಹಿಂದಿನ ದಿನವೇ ಹೋಗಿ ಮೋಟೆಲಿನಲ್ಲಿ ಉಳಿದೆವು. ಬೆಳಿಗ್ಗೆ ಅದೇ ಅಂಗಡಿಗಳಿಗೆ ಹೋದೆವು. ಮೀನಿನ ಸಾಲಿನಲ್ಲಿ ಅಡ್ಡ ನಿಲ್ಲುವವರು ಇರಲಿಲ್ಲ. ಅತ್ತೆ ಮೂಗು ಮುಚ್ಚಿಕೊಳ್ಳದೆ ನಡೆದರು. ಹನ್ನೊಂದರೊಳಗೆ ಮುಟ್ಟಿದೆವು.

ಸಾವಿನ ಸುದ್ದಿಯನ್ನು ನಾನು ಗುಡಿಯವರಿಗೆ ಫೋನಿನಲ್ಲಿ ತಿಳಿಸಿದ್ದೆ, ಮಣ್ಣು ಮಾಡಿದ್ದನ್ನು ಹೇಳಲು ನಾಲಿಗೆ ಏಳದೆ ಬಿಟ್ಟಿದ್ದೆ. ವಯಸ್ಸಾದ ಭಿಕ್ಷು ನಮ್ಮನ್ನು ನೇರ ಹಿಂದಿನ ಗೋಡೆಗೆ ಕರೆದೊಯ್ದರು. ಆಕೆಯ ಪಕ್ಕದ ಗೂಡನ್ನು ತೊಳೆದು, ಒರೆಸಿ, ಒಳಗೆ ಹಳದಿ ಬಟ್ಟೆ ಹಾಸಿ ಇಟ್ಟಿದ್ದರು. ಅವರನ್ನು ಯಾವಾಗ ತರುತ್ತೀರಿ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು.

ತರುವುದಿಲ್ಲ ಎಂದು ಹೇಳಬೇಕಾಯಿತು. ಮಿಶಿಗನ್‌ನಲ್ಲಿ ಹೂತಿದ್ದಾರೆ ಅಂದೆ. ಭಿಕ್ಷು ಹಾಸಿದ ಬಟ್ಟೆಯನ್ನು ತೆಗೆದು ಮಡಿಸಿ ಕೈಯಲ್ಲಿ ಹಿಡಿದುಕೊಂಡರು. ನನಗೆ ಅಳು ತಡೆಯಲಾಗಲಿಲ್ಲ.

ಅನ್ನ ಬಟ್ಟೆಯ ಮೇಲಿಟ್ಟದ್ದಾಯಿತು. ಮಂತ್ರ ಶುರುವಾದಾಗ ಗಿಂಡಿಯನ್ನು ಅತ್ತೆಯೇ ಕೇಳಿ ತೆಗೆದುಕೊಂಡರು. ಮೊಳಕಾಲು ನೋವಿನಲ್ಲೂ ನೆಲಕ್ಕೆ ಕೂತು, ಕಡೆಯ ತನಕ ಎಳೆ ಹರಿಯದಂತೆ ನೀರು ಬಿಟ್ಟರು. ಭಿಕ್ಷುಗಳ ಊಟವಾದ ಮೇಲೆ ಎಲ್ಲರ ಸಾಲಿನಲ್ಲಿ ಕೂತು, ಉಳಿದ ಅನ್ನದಲ್ಲಿ ಒಂದು ತುತ್ತು ಹಾಕಿಸಿಕೊಂಡು ಉಂಡರು. ಅವತ್ತು ಡಬ್ಬಿ ತರುವವರು ಇರಲಿಲ್ಲ.

ಬಟ್ಟಲು ಹಿಡಿದು ನಾನು ಮರದ ಕಡೆ ಹೊರಟಾಗ ಅತ್ತೆ ತಡೆದರು. “ಇಲ್ಲಿ ಸುರಿದ್ರೆ ಅವಳಿಗೆ ಸೇರುತ್ತೆ. ಅಲ್ಲಿ ಒಬ್ರೇ ಮಲಗಿದಾರಲ್ಲ, ಅವರಿಗೆ? ಅರ್ಧ ಬಾಟ್ಲಿಗೆ ಹಾಕು.” ಭಿಕ್ಷುವಿನ ಮುಖ ನೋಡಿದೆ. ಅವರು ಬೇಡವೆನ್ನಲಿಲ್ಲ.

ಆ ಬಾಟಲಿಯನ್ನು ಅತ್ತೆ ದಾರಿಯುದ್ದಕ್ಕೂ ಶಾಲಿನೊಳಗೆ ಇಟ್ಟುಕೊಂಡರು. ಮನೆಗೆ ಬಂದ ಮೇಲೆ ದೇವರ ಮುಂದೆಯೂ ಇಡಲಿಲ್ಲ, ಅಡುಗೆಮನೆಯಲ್ಲೂ ಇಡಲಿಲ್ಲ. ತಮ್ಮ ಕೋಣೆಯ ಕಿಟಕಿಯಲ್ಲಿಟ್ಟು, ಮಾರನೆಯ ಬೆಳಿಗ್ಗೆ ಸ್ನಾನ ಮಾಡಿಕೊಂಡು ನನ್ನ ಜೊತೆ ಸ್ಮಶಾನಕ್ಕೆ ಹೊರಟರು. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ, ಗಾಳಿ ಬೇರೆ. ಕಲ್ಲು ಇನ್ನೂ ನೆಟ್ಟಿರಲಿಲ್ಲ. ಹೆಪ್ಪುಗಟ್ಟಿದ ಹೆಂಟೆಗಳ ರಾಶಿ, ಅದರ ಮೇಲೆ ಹಿಮ. ಅತ್ತೆ ಚಪ್ಪಲಿ ಬಿಡಲು ಬಗ್ಗಿದರು. ನಾನು ಬಿಡಗೊಡಲಿಲ್ಲ. ಹಿಮವನ್ನು ಕೈಯಿಂದ ಸರಿಸಿ, ಬಾಟಲಿಯ ನೀರನ್ನು ಎಳೆಯಾಗಿ ಬಿಟ್ಟರು.

ನೀರು ಹೆಂಟೆಗಳ ಮೇಲೆ ಅಷ್ಟು ದೂರ ಹರಿದು ನಿಂತಿತು. ನೋಡುತ್ತಿದ್ದಂತೆ ಅದರ ಅಂಚು ಬೆಳ್ಳಗಾಯಿತು.

ಹೋಗೋಣ ಅತ್ತೆ, ಚಳಿ ಅಂದೆ.

“ಸ್ವಲ್ಪ ಇರಮ್ಮ. ಇಳಿದ್ರೂ ಇಳೀಬಹುದು.”

ನಿಂತೆವು. ಇಳಿಯಲಿಲ್ಲ.